ಟೋಲ್ ಗೂಡಿನ ಮೆತ್ತೆ

ಲೆಸ್ಟರ್ ಪಾವ್ಲಿಕ್ ಆ ದಿನ ಬೆಳಿಗ್ಗೆಯೇ ಮನೆ ಬಿಟ್ಟು ಹೊರಡುವ ಅಗತ್ಯವೇ ಇರಲಿಲ್ಲ. ಹಿಂದಿನ ಸಂಜೆಯಷ್ಟೇ ಕೆಲಸ ಕಳೆದುಕೊಂಡವನಿಗೆ ಬೆಳಿಗ್ಗೆ ಎದ್ದು ಹೋಗಿ ಸೇರಲು ಜಾಗವಾದರೂ ಎಲ್ಲಿದೆ? ಅವನನ್ನು ಹೊರಡಿಸಿದ್ದು ಒಂದು ಮೆತ್ತೆ.

ಅದು ಅವನ ಅತ್ತೆ ಉಳಿದುಬಳಿದ ಉಣ್ಣೆಯಲ್ಲಿ ಹೆಣೆದು ಕೊಟ್ಟ ಮೆತ್ತೆ. ಮೇಲೆ ಗುಲಾಬಿ ಹೂಗಳನ್ನು ಹಾಕಿದ್ದೇನೆ ಎಂದು ಆಕೆ ಹೇಳಿದ್ದಳು. ನೋಡಿದವರಿಗೆ ಎಲೆಕೋಸಿನ ಹಾಗೆ ಕಾಣುತ್ತಿತ್ತು. ಕಾಲ್ಡರ್ಸ್ ಫೆರಿ ಊರಿನ ನದಿ ಸೇತುವೆಯ ಮೇಲಿರುವ ಟೋಲ್ ಗೂಡಿನಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಲೆಸ್ಟರ್ ಆ ಎಲೆಕೋಸುಗಳ ಮೇಲೆ ಕುಳಿತು ಟೋಲ್ ವಸೂಲಿ ಮಾಡಿದ್ದ. ಚಳಿಗಾಲದಲ್ಲಿ ಓಹಾಯೊ ನದಿಯ ಮೇಲಿಂದ ಬೀಸುವ ಗಾಳಿಗೆ ಆ ಗೂಡಿನಲ್ಲಿ ಬೆಚ್ಚಗಿದ್ದದ್ದು ಅದೊಂದೇ.

ಆಮೇಲೆ ರಾಜಧಾನಿಯಲ್ಲಿ ದೊಡ್ಡವರಿಗೆ ಜ್ಞಾನೋದಯವಾಯಿತು. ದೇಶದ ರಸ್ತೆ, ಸೇತುವೆ, ರೈಲು ಎಲ್ಲ ಮುದಿಯಾಗಿವೆ, ಜನರಿಗೆ ಕೆಲಸವೂ ಇಲ್ಲ; ಹಣ ಸುರಿದು ಎಲ್ಲವನ್ನೂ ಹೊಸದು ಮಾಡೋಣ, ಹಾಗೆ ಮಾಡುವಾಗ ಕೆಲಸವೂ ಹುಟ್ಟುತ್ತದೆ, ಒಂದೇ ಏಟಿಗೆ ಎರಡು ಹಕ್ಕಿ ಎಂದರು. ಹಣ ಕಾಲ್ಡರ್ಸ್ ಫೆರಿಗೂ ಬಂತು. ಸೇತುವೆಗೆ ಹೊಸ ಬಣ್ಣ, ಹೊಸ ದೀಪ, ಟೋಲ್ ಗೂಡುಗಳ ಜಾಗದಲ್ಲಿ ಕ್ಯಾಮೆರಾಗಳು. ಇನ್ನು ಯಾರೂ ಕಾರು ನಿಲ್ಲಿಸಬೇಕಿಲ್ಲ, ಕ್ಯಾಮೆರಾ ನಂಬರ್ ಪ್ಲೇಟಿನ ಪಟ ಹಿಡಿಯುತ್ತದೆ, ಬಿಲ್ಲು ಮನೆಗೇ ಬರುತ್ತದೆ.

“ಎರಡು ಹಕ್ಕಿ ಯಾವುದೋ ನನಗೆ ಗೊತ್ತಿಲ್ಲ. ಏಟು ಬಿದ್ದಿದ್ದು ಮಾತ್ರ ನನಗೆ,” ಎಂದು, ಸುದ್ದಿ ತಿಳಿದಾಗಿನಿಂದ ಲೆಸ್ಟರ್ ಸಿಕ್ಕಸಿಕ್ಕವರ ಹತ್ತಿರ ಹೇಳಿಕೊಂಡು ಓಡಾಡಿದ. ಗೂಡಿನಲ್ಲಿ ಕೂರುತ್ತಿದ್ದವರನ್ನೆಲ್ಲ ಮನೆಗೆ ಕಳಿಸಿದರು. ಕೊನೆಯ ದಿನ ಮೇಲಧಿಕಾರಿ ಒಂದು ಕೇಕು ತರಿಸಿ, ಅದರ ಮೇಲೆ ಲೆಸ್ಟರನ ಹೆಸರನ್ನು ತಪ್ಪಾಗಿ ಬರೆಸಿ, ಕೈಕುಲುಕಿದ. ಲೆಸ್ಟರ್ ಕೇಕನ್ನು ಅಲ್ಲೇ ಬಿಟ್ಟು ಬಾಗಿಲನ್ನು ಧಡಾರನೆ ಹಾಕಿಕೊಂಡು ಬಂದ. ಆ ಸಿಟ್ಟಿನಲ್ಲಿ ಮೆತ್ತೆಯನ್ನೂ ಬಿಟ್ಟು ಬಂದ.

“ಗೂಡು ಹಾಳಾಗಿ ಹೋಗ್ಲಿ ಲೆಸ್, ನಮ್ಮಮ್ಮನ ಮೆತ್ತೆ ಮನೆಗೆ ಬರ್ಬೇಕು,” ಎಂದಳು ಹೆಂಡತಿ ಡೋರಿನ್, ಬಾಣಲೆಯಲ್ಲಿ ಮೊಟ್ಟೆ ಮಗುಚುತ್ತ. “ಅಮ್ಮ ಹೋದ್ಮೇಲೆ ಅವಳ ಕೈಯ್ಯಾರೆ ಮಾಡಿದ್ದು ಅಂತ ಉಳಿದಿರೋದು ಅದೊಂದೇ.”

“ಆ ಸೇತುವೆ ಮುಖ ನಾನು ಮತ್ತೆ ನೋಡಲ್ಲ.”

“ಸೇತುವೆ ನೋಡ್ಬೇಡ. ಮೆತ್ತೆ ನೋಡಿ ಎತ್ಕೊಂಡ್ ಬಾ.”

ಅಷ್ಟರಲ್ಲಿ ಪಕ್ಕದ ಮನೆಯ ವರ್ನಾ ಹಿತ್ತಲ ಬಾಗಿಲಿಂದ ಒಳಗೆ ಬಂದಳು. ಆಕೆ ಬಾಗಿಲು ತಟ್ಟುವ ಅಭ್ಯಾಸ ಬಿಟ್ಟು ಬಹಳ ಕಾಲವಾಗಿತ್ತು. “ಇನ್ನೂ ಇಲ್ಲೇ ಕೂತಿದೀಯಲ್ಲೋ ಲೆಸ್ಟರ್! ಇವತ್ತು ಸೇತುವೆ ಉದ್ಘಾಟನೆ. ರಾಜಧಾನಿಯಿಂದ ಸಾರಿಗೆ ಇಲಾಖೆಯ ಉಪಕಾರ್ಯದರ್ಶಿಯೇ ಬರ್ತಿದಾರೆ. ಟೀವಿಯೋರು ಬರ್ತಾರೆ, ಬಿಟ್ಟಿ ಡೋನಟ್ಟು. ಸಂಜೆ ಹೊತ್ತಿಗೆ ಗೂಡುಗಳ್ನೆಲ್ಲ ಕಿತ್ತು ಗುಜರಿಗೆ ಸಾಗಿಸ್ತಾರಂತೆ.”

“ಗುಜರಿಗಾ!” ಎಂದು ಡೋರಿನ್ ಸೌಟನ್ನು ಎತ್ತಿದಳು. ಅದು ಮೊಟ್ಟೆಯ ಕಡೆಗಿರಲಿಲ್ಲ.

ಲೆಸ್ಟರ್ ಕೋಟು ಹಾಕಿಕೊಂಡ. ಮಧ್ಯಾಹ್ನ ಹೇಗೂ ನಿರುದ್ಯೋಗ ಭತ್ಯೆಯ ಕಚೇರಿಗೆ ಹೋಗಬೇಕಿತ್ತು. ಕೆಲಸದ ಜೊತೆಗೆ ಡೋರಿನಳ ಸಕ್ಕರೆ ಕಾಯಿಲೆಯ ಮಾತ್ರೆಗಳ ವಿಮೆಯೂ ಹೋಗಿತ್ತು. ಆ ಭತ್ಯೆಯಾದರೂ ಬರದಿದ್ದರೆ ಮುಂದಿನ ತಿಂಗಳು ಹೇಗೆ ಎಂಬುದನ್ನು ಗಂಡ ಹೆಂಡತಿ ಇಬ್ಬರೂ ಯೋಚಿಸುತ್ತಿದ್ದರು, ಇಬ್ಬರೂ ಬಾಯಿಬಿಡುತ್ತಿರಲಿಲ್ಲ.

ಸೇತುವೆಯ ದಾರಿಯಲ್ಲಿ ಮನೆಯಷ್ಟು ಎತ್ತರದ ಹಸಿರು ಫಲಕ ನಿಲ್ಲಿಸಿದ್ದರು. ‘ನಿಮ್ಮ ತೆರಿಗೆ, ನಿಮ್ಮ ಸೇತುವೆ, ನಿಮಗೇ ಕೆಲಸ.’ ಲೆಸ್ಟರ್ ಕಾರಿನ ಕಿಟಕಿ ಇಳಿಸಿ, ಸುತ್ತ ಯಾರೂ ಇಲ್ಲವೆಂದು ನೋಡಿ, ಅದರ ಕಡೆಗೆ ಉಗುಳಿದ. ಎದುರು ಗಾಳಿಯಿತ್ತು. ಕೋಟು ಒರೆಸಿಕೊಳ್ಳಬೇಕಾಯಿತು.

ಸೇತುವೆಯ ಬಾಯಿಗೆ ಹಗ್ಗ ಕಟ್ಟಿದ್ದರು. ಕಾವಲಿಗೆ ನಿಂತಿದ್ದವನು ಅಡ್ಡ ಬಂದ.

“ಹೆಲ್ಮೆಟ್ ಇಲ್ದೆ ಒಳಗೆ ಬಿಡಲ್ಲ.”

“ನನ್ನ ಗೂಡಿಂದ ಒಂದು ಮೆತ್ತೆ ತಗೋಬೇಕು, ಅಷ್ಟೇ ಕಣಯ್ಯ.”

“ಮೆತ್ತೆ ಆದ್ರೂ ಅಷ್ಟೇ, ಮಂಚ ಆದ್ರೂ ಅಷ್ಟೇ. ಹೆಲ್ಮೆಟ್ ಬೇಕು, ಕಿತ್ತಳೆ ಜಾಕೀಟು ಬೇಕು. ಅಗೋ, ಆ ಗಾಡೀಲಿದೆ, ಹಾಕ್ಕೊಳ್ಳಿ.”

ಲೆಸ್ಟರ್ ಹಾಕಿಕೊಂಡ. ಜಾಕೀಟು ಅವನ ಹೊಟ್ಟೆಯ ಅರ್ಧಕ್ಕೆ ಬಂದು ಸೋತು ನಿಂತಿತು. ಗಾಡಿಯ ಪಕ್ಕದಲ್ಲಿ ಗುತ್ತಿಗೆ ಕಂಪನಿಯ ಒಬ್ಬ ಹುಡುಗಿ ಕೂತಿದ್ದಳು. ಪೂರ್ತಿ ಹೆಸರು ಕೇಳಿದಳು, ಹುಟ್ಟಿದ ದಿನ ಕೇಳಿದಳು, ಇನ್ನೂ ಏನೇನೋ ಕೇಳಿದಳು. ಒಳಗೆ ಬಿಡಲು ಇದೆಲ್ಲ ಬೇಕೇನೋ ಎಂದುಕೊಂಡು ಲೆಸ್ಟರ್ ಹೇಳುತ್ತ ಹೋದ. “ಒಂದು ಮೆತ್ತೆಗೆ ಇಷ್ಟೊಂದು ವಿಚಾರಣೆಯಾ?” ಎಂದು ಗುರುಗುಟ್ಟಿದ. ಹುಡುಗಿ ಎಲ್ಲವನ್ನೂ ಬರೆದುಕೊಂಡು, ನಕ್ಕು, ಅವನ ಎದೆಗೆ ಹೆಸರಿನ ಚೀಟಿ ಅಂಟಿಸಿದಳು.

ಗೂಡಿನಲ್ಲಿ ಮೆತ್ತೆ ಇಟ್ಟ ಜಾಗದಲ್ಲೇ ಇತ್ತು. ಲೆಸ್ಟರ್ ಅದನ್ನು ಎತ್ತಿ ಎರಡು ಸಲ ತಟ್ಟಿ ಧೂಳು ಕೊಡವಿದ. ಹೊರಗೆ ಬರುತ್ತಲೇ ಯಾರೋ ಅವನ ರಟ್ಟೆ ಹಿಡಿದರು.

“ಏ ಯಜಮಾನ್ರೇ, ಎಲ್ ಹೋಗ್ತಿದೀರ? ಇಲ್ ಬನ್ನಿ, ಸಾಲಲ್ಲಿ ನಿಲ್ಲಿ!”

ಹಿಡಿದವನು ಕಂಪನಿಯ ಮೇಸ್ತ್ರಿ ಡ್ವೇನ್. ಕುತ್ತಿಗೆಯ ನರ ಹಗ್ಗದ ಹಾಗೆ ಎದ್ದಿತ್ತು. ಪಾಪ, ಅವನ ಕಷ್ಟ ಅವನಿಗೆ. ಈ ಸೇತುವೆಯಿಂದ ಇಷ್ಟು ಜನಕ್ಕೆ ಕೆಲಸ ಸಿಗುತ್ತದೆ ಎಂದು ಕಂಪನಿ ಸರ್ಕಾರಕ್ಕೆ ಮಾತು ಕೊಟ್ಟಿತ್ತು. ಕ್ಯಾಮೆರಾ ಜೋಡಿಸಿದವರು ಬೇರೆ ರಾಜ್ಯದಿಂದ ವ್ಯಾನಿನಲ್ಲಿ ಬಂದು, ಜೋಡಿಸಿ, ಅದೇ ವ್ಯಾನಿನಲ್ಲಿ ಹೊರಟುಹೋಗಿದ್ದರು. ಈಗ ಸಾಹೇಬರು ಬಂದು ‘ಎಲ್ಲಿ ನಿಮ್ಮ ಕೆಲಸಗಾರರು’ ಎಂದರೆ ತೋರಿಸಲು ಜನ ಬೇಡವೇ?

ಲೆಸ್ಟರ್ ಸಾಲನ್ನು ನೋಡಿದ. ಕಿತ್ತಳೆ ಜಾಕೀಟುಗಳ ಸಾಲು. ಮೊದಲನೆಯವನು ಊರಿನ ಕ್ಷೌರಿಕ ಹಾರ್ಲನ್. ಹೆಲ್ಮೆಟ್ಟಿನ ಕೆಳಗಿಂದ ಕಣ್ಣು ಹೊಡೆದ. ಅವನ ಪಕ್ಕದಲ್ಲಿ ಊಟದ ಹೋಟೆಲಿನ ಅಡಿಗೆಯವನು, ಆಮೇಲೆ ಚರ್ಚಿನ ಹಾಡುಗಾರರ ಗುಂಪು ಇಡಿಯಾಗಿ.

“ಹಾರ್ಲನ್, ನೀನೇನೋ ಮಾಡ್ತಿದೀಯ ಇಲ್ಲಿ?”

“ರಾಷ್ಟ್ರ ಕಟ್ತಿದೀನಿ. ಡೋನಟ್ಟು ಚೆನ್ನಾಗಿದೆ, ತಿಂದ್ಯಾ?”

“ನಾಚಿಕೆ ಆಗಲ್ವೇನೋ ನಿಮಗೆ! ನಮ್ಮ ಹೊಟ್ಟೆ ಮೇಲೆ ಹೊಡೆದು, ಆ ಜಾಗದಲ್ಲೇ ನಾಟಕ ಆಡ್ತಿದಾರಲ್ಲೋ! ಇರು, ಆ ಸಾಹೇಬ ಬರ್ಲಿ. ಅವನ ಮುಖದ ಮೇಲೆ ಹೇಳ್ತೀನಿ.”

“ಹೇಳು, ಹೇಳು. ಆದ್ರೆ ಹೆಲ್ಮೆಟ್ ನೆಟ್ಟಗೆ ಮಾಡ್ಕೊ. ಟೀವೀಲಿ ಬರುತ್ತೆ.”

ಸಾಹೇಬರಿಗೆ ಹೇಳುವುದು ಎಂಬ ಯೋಚನೆ ಲೆಸ್ಟರನ ತಲೆ ಹೊಕ್ಕಿದ್ದು ಹೀಗೆ. ಹೊಕ್ಕ ಮೇಲೆ ಅದು ಒಲೆಯ ಮೇಲಿನ ಹಾಲಿನ ಹಾಗೆ ಏರತೊಡಗಿತು. ಅಲ್ಲಿಂದ ಹೊರಟುಹೋಗಲು ಬೇಕಾದಷ್ಟು ಅವಕಾಶವಿತ್ತು. ಅವನು ಹೋಗಲಿಲ್ಲ. ಮನಸ್ಸಿನಲ್ಲೇ ಭಾಷಣ ಹೊಸೆಯುತ್ತ ಸಾಲಿನಲ್ಲಿ ನಿಂತ.

ಕರಿ ಕಾರುಗಳು ಬಂದವು. ಉಪಕಾರ್ಯದರ್ಶಿಗಳು ಇಳಿದರು. ಎತ್ತರದ ಆಳು, ಹೊಸ ಸ್ನಾನಗೃಹದ ಬಿಳಿ ಟೈಲ್ಸಿನಂಥ ಹಲ್ಲು. ಶಾಲೆಯ ಬ್ಯಾಂಡು ಬಾರಿಸಿತು. ಅಷ್ಟರಲ್ಲಿ ವೇದಿಕೆಯ ಹಿಂದೆ ಗಲಾಟೆ ಎದ್ದಿತು. ರಿಬ್ಬನ್ ಇದೆ, ಮೊಳದುದ್ದದ ಚಿನ್ನದ ಬಣ್ಣದ ಕತ್ತರಿಯೂ ಇದೆ, ಕತ್ತರಿ ಇಟ್ಟು ಕೊಡಲು ತಟ್ಟೆ ಇಲ್ಲ! ಡೋನಟ್ಟಿನ ತಟ್ಟೆ ಕೊಡೋಣವೆಂದರೆ ಅದು ಜಿಡ್ಡು. ಡ್ವೇನನ ಕಣ್ಣು ಸಾಲಿನ ಉದ್ದಕ್ಕೂ ಓಡಿ ಲೆಸ್ಟರನ ಕಂಕುಳಲ್ಲಿದ್ದ ಎಲೆಕೋಸುಗಳ ಮೇಲೆ ನಿಂತಿತು.

“ಯಜಮಾನ್ರೇ, ಅದನ್ನ ಕೊಡಿ ಇಲ್ಲಿ!”

“ಕೊಡಲ್ಲ. ಇದು ನಮ್ಮತ್ತೇದು.”

“ಒಂದ್ ನಿಮಿಷ ಕೊಡಿ ಸ್ವಾಮಿ!”

“ಪ್ರಾಣ ಹೋದ್ರೂ ಕೊಡಲ್ಲ. ಬರಿಗೈಲಿ ಮನೆಗೆ ಹೋದ್ರೆ ಹೇಗೂ ಪ್ರಾಣ ಹೋಗುತ್ತೆ.”

“ಹಾಗಾದ್ರೆ ನೀವೇ ಹಿಡ್ಕೊಂಡು ಬನ್ನಿ!” ಎಂದು ಡ್ವೇನ್ ಕತ್ತರಿಯನ್ನು ಮೆತ್ತೆಯ ಮೇಲಿಟ್ಟು, ಮೆತ್ತೆಯ ಸಮೇತ ಲೆಸ್ಟರನನ್ನು ವೇದಿಕೆಗೆ ನೂಕಿಬಿಟ್ಟ.

ಹೀಗೆ ತನ್ನ ಕೆಲಸಕ್ಕೆ ಕತ್ತರಿ ಹಾಕಿದವರಿಗೆ ಲೆಸ್ಟರ್ ಪಾವ್ಲಿಕ್ ಕೈಯಾರೆ ಕತ್ತರಿ ಕೊಟ್ಟ.

ಉಪಕಾರ್ಯದರ್ಶಿಗಳು ರಿಬ್ಬನ್ ಕತ್ತರಿಸಿದರು. ಕ್ಯಾಮೆರಾಗಳು ಮಿಂಚಿದವು. ಲೆಸ್ಟರ್ ಹಲ್ಲು ಕಡಿಯುತ್ತ ನಿಂತಿದ್ದ. ಸಿಟ್ಟಿನಲ್ಲಿ ಹಲ್ಲು ಕಡಿದರೆ ತುಟಿ ಎರಡು ಕಡೆಗೂ ಎಳೆಯುತ್ತದೆ, ಕಣ್ಣಲ್ಲಿ ನೀರೂ ಬರುತ್ತದೆ. ದೂರದಿಂದ ನೋಡಿದವರಿಗೆ ಅದು ಬಾಯಿತುಂಬ ನಗು. ಸಾಹೇಬರು ಅವನ ಎದೆಯ ಚೀಟಿಯನ್ನು ಓದಿದರು, ಹೆಗಲ ಮೇಲೆ ಕೈ ಹಾಕಿದರು.

“ಸ್ನೇಹಿತರೇ, ಈ ಲೆಸ್ಟರ್‌ನ ನೋಡಿ! ಇವರ ಕಣ್ಣಲ್ಲಿ ನೀರು ತುಂಬಿದೆ! ರಾಜಧಾನೀಲಿ ಕೂತು ನಾವು ಅಂಕಿ ಸಂಖ್ಯೆ ಮಾತಾಡ್ತೀವಿ. ಆದ್ರೆ ಕೆಲಸ ಅಂದ್ರೆ ಇದು, ಈ ಮುಖ! ಹೇಳಿ ಲೆಸ್ಟರ್, ಈ ಸೇತುವೆ ನಿಮಗೆ ಏನು ಮಾಡ್ತು?”

ಮೈಕು ಅವನ ಬಾಯಿಗೆ ಬಂತು. ಲೆಸ್ಟರನ ಕಿವಿಗಳು ಕೆಂಡವಾದವು. ಹೊಸೆದಿಟ್ಟಿದ್ದ ಭಾಷಣವೆಲ್ಲ ಒಟ್ಟಿಗೇ ಗಂಟಲಿಗೆ ನುಗ್ಗಿತು.

“ಏನ್ ಮಾಡ್ತು ಅಂತ ಕೇಳ್ತೀರಾ?” ಎಂದು ಗುಡುಗಿದ. “ಈ ಸೇತುವೆ ನನ್ನ ಜೀವನಾನೇ ಬದಲಾಯಿಸಿಬಿಡ್ತು!”

ಅವನು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದ್ದು ತಪ್ಪಾಯಿತು. ಆ ಒಂದು ಉಸಿರಿನಲ್ಲಿ ಡ್ವೇನ್ ಚಪ್ಪಾಳೆ ತಟ್ಟಿದ. ಸಾಲು ತಟ್ಟಿತು, ಊರು ತಟ್ಟಿತು, ಬ್ಯಾಂಡಿನವರು ಕಹಳೆ ಊದಿದರು. “ನಿನ್ನೆ ತನಕ ನಾನು ಅದೋ ಆ ಗೂಡಲ್ಲಿ... ನಮ್ಮನ್ನ ಬೀದಿಗೆ ತಳ್ಳಿ... ಕಳ್ಳರು ಕಣ್ರೋ ನೀವು, ಹಗಲುಗಳ್ಳರು!” ಎಂದು ಲೆಸ್ಟರ್ ಕೂಗುತ್ತಲೇ ಇದ್ದ. ಅವನ ಬಾಯಿ ತೆರೆದು ಮುಚ್ಚುವುದು ಎಲ್ಲರಿಗೂ ಕಂಡಿತು. ಸದ್ದು ಯಾರಿಗೂ ಕೇಳಲಿಲ್ಲ. ಹಾಡುಗಾರರು ದೇಶಭಕ್ತಿಗೀತೆ ಎತ್ತಿಕೊಂಡರು. ಹಗಲುಗಳ್ಳರು ಎಂಬ ಮಾತು ಅದರ ಪಲ್ಲವಿಯಲ್ಲಿ ಮುಳುಗಿಹೋಯಿತು.

ಸಾಹೇಬರಿಗೆ ಮೆತ್ತೆಯ ಮೇಲೆ ಕಣ್ಣು ಬಿತ್ತು. “ಆಹಾ, ಎಲೆಕೋಸು! ಈ ಕಡೆಯ ರೈತರ ಬೆಳೆ ಅಲ್ವೇ? ನಿಮ್ಮೂರ ಕೈಕೆಲಸ ನನಗೆ ಕಾಣಿಕೆ ಕೊಡ್ತಿದೀರ? ಇದು ನನ್ನ ಕಚೇರಿಯಲ್ಲೇ ಇರುತ್ತೆ, ಲೆಸ್ಟರ್!” ಎಂದು ಎರಡೂ ಕೈಯಿಂದ ಎಳೆದುಕೊಂಡರು. ಲೆಸ್ಟರನೂ ಎಳೆದ. ಅತ್ತ ದೇಶ, ಇತ್ತ ಅತ್ತೆ. ದೇಶಕ್ಕೆ ಅಂಗರಕ್ಷಕರಿದ್ದರು. ಕರಿ ಕಾರಿನ ಹಿಂದಿನ ಗಾಜಿನಲ್ಲಿ ಎಲೆಕೋಸುಗಳು ದೂರವಾಗುವುದನ್ನು ನೋಡುತ್ತ ಲೆಸ್ಟರ್ ಹೆಲ್ಮೆಟನ್ನು ತೆಗೆದು ನೆಲಕ್ಕೆ ಅಪ್ಪಳಿಸಿದ. ಅದು ಒಳ್ಳೆಯ ಹೆಲ್ಮೆಟ್ಟು. ಪುಟಿದು ಬಂದು ಅವನ ಮೊಣಕಾಲಿಗೇ ಬಡಿಯಿತು.

ಜಾಕೀಟನ್ನು ಕಳಚಿ ಎಸೆದು, ಕುಂಟುತ್ತ ಕಾರಿನ ಹತ್ತಿರ ಬರುವಷ್ಟರಲ್ಲಿ ಫೋನು ಹೊಡೆದುಕೊಂಡಿತು. ಡೋರಿನ್. ಲೆಸ್ಟರ್ ಕಣ್ಣು ಮುಚ್ಚಿ ಕಿವಿಗೆ ಹಿಡಿದ.

“ಲೆಸ್!” ಅವಳು ಅಳುತ್ತಿದ್ದಳು. “ನನ್ಹತ್ರ ಒಂದು ಮಾತು ಹೇಳ್ಬಾರ್ದಿತ್ತಾ? ಹೊಸ ಕೆಲಸ ಸಿಕ್ಕಿದೆ ಅಂತ ಟೀವಿ ನೋಡಿ ತಿಳೀಬೇಕಾ ನಾನು?”

“ಡೋರಿನ್, ಕೇಳಿಲ್ಲಿ, ಯಾವ ಕೆಲಸಾನೂ...”

“ನಮ್ಮಮ್ಮನ ಮೆತ್ತೆ ರಾಜಧಾನಿಗೆ ಹೋಯ್ತಂತೆ! ಅಮ್ಮ ಇದ್ದಿದ್ರೆ ಎಷ್ಟು ಹಿಗ್ತಿದ್ಲು! ಒಂದು ನಿಮಿಷ, ವರ್ನಾ ಮಾತಾಡ್ತಾಳಂತೆ.”

“ಲೆಸ್ಟರ್,” ವರ್ನಾಳ ದನಿ ಕೇಳಿಸಿತು, “ನನ್ನ ತಂಗಿ ಗಂಡ ಸುಮ್ನೆ ಮನೇಲಿ ಬಿದ್ದಿದಾನೆ ಕಣಪ್ಪ. ನಿನ್ನ ಕಂಪನೀಲಿ ಅವನಿಗೂ ಒಂದು ನೋಡು. ನೀನು ಹೇಳಿದ್ರೆ ಆಗುತ್ತೆ. ಸಂಜೆಗೆ ಎಲ್ಲಾರ್ನೂ ಕರೆದಿದೀವಿ, ಆಲೂಗಡ್ಡೆ ಕಡುಬು ಮಾಡ್ತಿದೀವಿ.”

ಲೆಸ್ಟರ್ ಫೋನು ಆರಿಸಿ ಜೇಬಿಗೆ ತುರುಕಿ, ನೇರವಾಗಿ ನಿರುದ್ಯೋಗ ಭತ್ಯೆಯ ಕಚೇರಿಗೆ ಕಾರು ಓಡಿಸಿದ. ಸತ್ಯ ಕೇಳುವವರು ಅಲ್ಲಾದರೂ ಇದ್ದಾರು ಎಂಬುದು ಅವನ ಆಸೆ. ಅಲ್ಲಿ ಉದ್ದದ ಸಾಲಿತ್ತು. ಗೋಡೆಯ ಮೇಲೆ ಟೀವಿ ಇತ್ತು. ಟೀವಿಯಲ್ಲಿ ಲೆಸ್ಟರ್ ಇದ್ದ. ‘ಈ ಸೇತುವೆ ನನ್ನ ಜೀವನಾನೇ ಬದಲಾಯಿಸಿಬಿಡ್ತು’ ಎನ್ನುತ್ತಿದ್ದ, ಹಲ್ಲು ಕಿರಿಯುತ್ತಿದ್ದ, ಮತ್ತೆ ಮೊದಲಿಂದ ಅದನ್ನೇ ಎನ್ನುತ್ತಿದ್ದ.

ಅವನ ಸರದಿ ಬಂದಾಗ ಕಿಟಕಿಯ ಹಿಂದಿನ ಹೆಂಗಸು ಟೀವಿಯನ್ನು ನೋಡಿದಳು, ಅವನನ್ನು ನೋಡಿದಳು, ಕಂಪ್ಯೂಟರನ್ನು ತಟ್ಟಿದಳು.

“ಅಭಿನಂದನೆ ಪಾವ್ಲಿಕ್ ಅವರೇ. ನಿಮಗೆ ಭತ್ಯೆ ಬರೋದಿಲ್ಲ. ನಿಮಗೆ ಕೆಲಸ ಸಿಕ್ಕಿದೆ.”

“ಸಿಕ್ಕಿಲ್ಲ ತಾಯಿ! ನಾನು ಮೆತ್ತೆ ತರೋಕೆ ಹೋಗಿದ್ದೆ!”

“ಬೆಳಿಗ್ಗೆಯೇ ಕಂಪನಿಯವರು ನಿಮ್ಮ ಹೆಸರು ಕಳಿಸಿದಾರೆ. ಮುಂಚೆ ಆಗಿದ್ರೆ ಇದು ನಮಗೆ ತಲುಪೋಕೆ ಎರಡು ತಿಂಗಳಾಗ್ತಿತ್ತು. ಈಗ ಹೊಸ ಕಂಪ್ಯೂಟರ್ ಬಂದಿದೆ. ಸರ್ಕಾರದ್ದೇ ದುಡ್ಡು.”

“ಅದು ಸುಳ್ಳು! ನಾನು ಅಲ್ಲಿ ಕೆಲಸಕ್ಕೆ ಇಲ್ಲ!”

ಹೆಂಗಸು ಕನ್ನಡಕ ಇಳಿಸಿ, ದನಿಯನ್ನೂ ಇಳಿಸಿದಳು. “ನೋಡಿ, ನಿಧಾನವಾಗಿ ಯೋಚ್ನೆ ಮಾಡಿ ಹೇಳಿ. ಕೆಲಸಕ್ಕೆ ಇದೀರ ಅಂದ್ರೆ ಭತ್ಯೆ ಇಲ್ಲ, ಅಷ್ಟೇ. ಇಲ್ಲ ಅಂದ್ರೆ, ಹೆಲ್ಮೆಟ್ ಹಾಕ್ಕೊಂಡು ಉಪಕಾರ್ಯದರ್ಶಿ ಮುಂದೆ ಕೆಲಸಗಾರ ಅಂತ ಯಾಕೆ ನಿಂತಿರಿ ಅಂತ ಮೇಲಿನೋರು ಕೇಳ್ತಾರೆ. ಅದಕ್ಕೆ ಬೇರೆ ಕಿಟಕಿ ಇದೆ. ಅಲ್ಲಿ ವಕೀಲರನ್ನ ಕರ್ಕೊಂಡು ಹೋಗೋದು ಒಳ್ಳೇದು.”

ಲೆಸ್ಟರನಿಗೆ ಮೇಜು ಗುದ್ದಬೇಕೆನಿಸಿತು, ಗುದ್ದಿದ. ಮೇಜಿನ ಆಚೆ ಗಾಜಿತ್ತು, ಗಾಜಿನ ಆಚೆ ಆ ಹೆಂಗಸಿನ ಸುಸ್ತಾದ ಮುಖವಿತ್ತು. ಆ ಮುಖವನ್ನು ಅವನು ಬಲ್ಲ. ಇಪ್ಪತ್ತು ವರ್ಷ ಟೋಲ್ ಗೂಡಿನ ಗಾಜಿನ ಹಿಂದೆ ಕೂತು, ದರ ಏರಿಸಿದ್ದು ತಾನಲ್ಲದಿದ್ದರೂ ದಾರಿಹೋಕರ ಬೈಗುಳವನ್ನೆಲ್ಲ ತಿಂದ ಅವನ ಮುಖವೂ ಹಾಗೇ ಇತ್ತು. “ಕ್ಷಮಿಸಮ್ಮ,” ಎಂದು ಗೊಣಗಿ ಹೊರಗೆ ಬಂದ.

ಕಾರಿನಲ್ಲಿ ಕೂತು ಕೀಲಿ ತಿರುಗಿಸಿದ. ಆಮೇಲೆ ಒಂದು ಯೋಚನೆ ಹೊಳೆಯಿತು. ಆ ಯೋಚನೆಗೆ ಅವನಿಗೇ ನಾಚಿಕೆಯಾಯಿತು. ಆದರೆ ಡೋರಿನಳ ಮಾತ್ರೆಗಳು ನೆನಪಾದ ಮೇಲೆ ನಾಚಿಕೆ ಹಿಂದೆ ಸರಿಯಿತು. ಸರಿ, ಎಲ್ಲರೂ ಕೆಲಸವಿದೆ ಎನ್ನುತ್ತಿದ್ದಾರೆ. ಸರ್ಕಾರ ಹೇಳುತ್ತಿದೆ, ಟೀವಿ ಹೇಳುತ್ತಿದೆ, ಹೆಂಡತಿ ಹೇಳುತ್ತಿದ್ದಾಳೆ. ಹಾಗಾದರೆ ಹೋಗಿ ಆ ಕೆಲಸ ಮಾಡಿದರಾಯಿತು! ಗುದ್ದಲಿಯೋ, ಪೊರಕೆಯೋ, ಏನು ಕೊಟ್ಟರೆ ಅದು.

ಸೇತುವೆಯ ಬುಡದಲ್ಲಿದ್ದ ಕಂಪನಿಯ ಶೆಡ್ಡಿನ ಮುಂದೆಯೂ ಸಾಲಿತ್ತು. ಟೀವಿ ನೋಡಿ ಸುತ್ತಲಿನ ಊರುಗಳಿಂದ ಜನ ಕೆಲಸ ಕೇಳಿಕೊಂಡು ಬಂದಿದ್ದರು. ಮುಚ್ಚಿದ ಉಕ್ಕಿನ ಕಾರ್ಖಾನೆಯವರು, ಲಾರಿ ಓಡಿಸುತ್ತಿದ್ದವರು, ಕೂಸನ್ನು ಸೊಂಟಕ್ಕೇರಿಸಿಕೊಂಡ ಹೆಂಗಸರು. ಎಲ್ಲರ ಮುಖವೂ ಗಂಟಿಕ್ಕಿತ್ತು. ಲೆಸ್ಟರ್ ಸಾಲಿನಲ್ಲಿ ನಿಂತು ಕಾದ. ಒಳಗೆ ಡ್ವೇನ್ ತಲೆ ಎತ್ತದೆ ಮಾತಾಡಿದ.

“ಕೆಲಸ ಖಾಲಿ ಇಲ್ಲ. ಕೊಟ್ಟ ಮಾತಿನಷ್ಟೂ ತುಂಬಿ ಆಯ್ತು. ಕೊನೇದು ಒಂದಿತ್ತು, ಅದೂ ಇವತ್ತು ಬೆಳಿಗ್ಗೆ ಭರ್ತಿಯಾಯ್ತು.”

“ಯಾರಿಗೆ ಕೊಟ್ರಿ?”

“ಪಾವ್ಲಿಕ್ ಅಂತ ಯಾರೋ. ಟೀವೀಲಿ ನೋಡ್ಲಿಲ್ವ, ಮೆತ್ತೆ ಹಿಡ್ಕೊಂಡು ಹಲ್ಲು ಬಿಡ್ತಿದ್ನಲ್ಲ.”

“ಅದು ನಾನೇ ಕಣೋ! ನಾನೇ ಪಾವ್ಲಿಕ್!”

ಡ್ವೇನ್ ತಲೆಯೆತ್ತಿದ. ಹೆಲ್ಮೆಟ್ ಇಲ್ಲದ ಬೋಳುತಲೆಯನ್ನು ಗುರುತಿಸಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಅವನ ಮುಖ ಅರಳಿತು. “ಅಯ್ಯೋ ಯಜಮಾನ್ರೇ, ನೀವಾ! ಮತ್ತೆ ಇಲ್ಲ್ಯಾಕೆ ನಿಂತಿದೀರ? ನಿಮಗೆ ಕೆಲಸ ಇದೆಯಲ್ಲ!”

“ಹಾಗಾದ್ರೆ ನಾಳೆಯಿಂದ ಬರ್ಲಾ?”

“ಬಂದು ಏನ್ ಮಾಡ್ತೀರ? ಕ್ಯಾಮೆರಾ ಹಾಕಿ ಆಯ್ತು, ರಿಬ್ಬನ್ ಕತ್ತರಿಸಿ ಆಯ್ತು. ಇನ್ನು ಇಲ್ಲಿ ಯಾವ ಕೆಲಸಾನೂ ಇಲ್ಲ.”

“ಸಂಬಳ?”

“ಕೆಲಸ ಮಾಡದೋರಿಗೆ ಯಾರಾದ್ರೂ ಸಂಬಳ ಕೊಡ್ತಾರಾ?” ಡ್ವೇನನಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು.

“ಹಾಗಾದ್ರೆ ನನ್ನ ಹೆಸರು ತೆಗೆದುಹಾಕು! ಈಗಲೇ ತೆಗಿ!”

“ತೆಗೆಯೋಕಾಗಲ್ಲ. ಸಾಹೇಬ್ರು ನಿಮ್ಮ ಹೆಗಲ ಮೇಲೆ ಕೈ ಹಾಕಿದಾರೆ. ಈ ಸೇತುವೇಲಿ ಎಲ್ಲರಿಗಿಂತ ಗಟ್ಟಿ ಕೆಲಸ ಅಂದ್ರೆ ನಿಮ್ದೇ.”

ಲೆಸ್ಟರನ ಮುಷ್ಟಿ ಬಿಗಿಯಿತು. ದಿನವಿಡೀ ನುಂಗಿದ್ದೆಲ್ಲ ಒಟ್ಟಿಗೆ ಮೇಲೆದ್ದು ಬಂತು. ಈ ಸಲ ಬ್ಯಾಂಡೂ ಇರಲಿಲ್ಲ, ಹಾಡೂ ಇರಲಿಲ್ಲ. ಹೇಳಿದ್ದೆಲ್ಲ ಎಲ್ಲರಿಗೂ ಕೇಳಿಸುತ್ತಿತ್ತು. ಅವನು ಬಾಯಿ ತೆರೆದ.

ಅಷ್ಟರಲ್ಲಿ ಹಿಂದಿನಿಂದ ಯಾರೋ ಅವನ ಬೆನ್ನಿಗೆ ಬಲವಾಗಿ ತಿವಿದರು. ಕೂಸು ಎತ್ತಿಕೊಂಡಿದ್ದ ಒಬ್ಬ ಹೆಂಗಸು.

“ಇರೋ ಒಂದು ಕೆಲಸಾನೂ ನುಂಗಿ, ಮತ್ತೆ ಬಂದು ಸಾಲಲ್ಲಿ ನಿಂತಿದೀಯಲ್ಲ, ಮನುಷ್ಯನಾ ನೀನು? ನನ್ನ ಗಂಡ ಆರು ತಿಂಗಳಿಂದ ಅಲೀತಿದಾನೆ. ನಿಮ್ಮಂಥೋರು ಟೀವೀಲಿ ಹಲ್ಲು ಕಿರಿದೇ ನಾವು ಬೀದಿಗೆ ಬಿದ್ದಿರೋದು!”

“ಹೌದ್ ಹೌದು!” ಎಂದು ಸಾಲಿಗೆ ಸಾಲೇ ಕೂಗಿತು. “ಕೆಲಸ ಇರೋರೆಲ್ಲ ಪಕ್ಕಕ್ಕೆ ಹೋಗ್ರೀ!”

ಲೆಸ್ಟರ್ ತೆರೆದ ಬಾಯಿಯನ್ನು ಮುಚ್ಚಿಕೊಂಡ. ಬೆಳಿಗ್ಗೆಯಿಂದ ಅವನು ಹೇಳಬೇಕೆಂದಿದ್ದನ್ನೆಲ್ಲ ಅವರೇ ಹೇಳುತ್ತಿದ್ದರು, ಅವನಿಗೇ ಹೇಳುತ್ತಿದ್ದರು. ಕೋಟಿನ ಕಾಲರನ್ನು ಕಿವಿಯವರೆಗೆ ಎಳೆದುಕೊಂಡು, ಇಡೀ ಕಾಲ್ಡರ್ಸ್ ಫೆರಿಯಲ್ಲಿ ಕೆಲಸ ಸಿಕ್ಕ ಆ ಒಬ್ಬನೇ ಮನುಷ್ಯ ಸಾಲು ಬಿಟ್ಟು ಹೊರಗೆ ನಡೆದ.